ಕೆಂಪು ಬಾವುಟದ ಮೂರು ಮನೆ ನೋಡಿದ್ದು

ಆಗೋದಿಲ್ಲ ಅಂದವರಲ್ಲಿ ಮೊದಲನೆಯವನು ನಮ್ಮ ಗುತ್ತೇದಾರ. ಬೀದರ ಪಕ್ಕದ ಕೊಳಾರದ ಕಾರ್ಖಾನೆಯ ಗೇಟಿನ ಮುಂದೆ, ಬೆಳಗಿನ ಪಾಳಿಯವರೆಲ್ಲ ಕೇಳುವ ಹಾಗೆ, ಬೈಕಿನಿಂದ ಇಳಿಯದೆಯೇ ಹೇಳಿದ: "ಏಳು ಹೆಣ್ಮಕ್ಕಳು ಒಂದು ನಳದ ಮುಂದ ಜಗಳ ಇಲ್ದೆ ನಿಂತಿದ್ದು ನೋಡೀರೇನ್ರಿ? ಇವರು ಯೂನಿಯನ್ ಮಾಡ್ತಾರಂತ!" ಎರಡನೆಯವರು ಭಾಲ್ಕಿ ಕಾಲೇಜಿನಲ್ಲಿ ನನಗೆ ಪಾಠ ಹೇಳಿದ ಸರ್. ಅವರು ನಗಲಿಲ್ಲ. ಕನ್ನಡಕ ಒರೆಸಿಕೊಳ್ಳುತ್ತ, ಬಹಳ ಪ್ರೀತಿಯಿಂದಲೇ, ಗುತ್ತಿಗೆ ಕಾರ್ಮಿಕರಲ್ಲಿ ಪ್ರಜ್ಞೆ ಇನ್ನೂ ಮಾಗಿಲ್ಲ ಎಂದರು. ಗುತ್ತೇದಾರನ ಮಾತು ನನಗೆ ಅಷ್ಟು ತಾಗಲಿಲ್ಲ, ಅವನ ಕೆಲಸವೇ ಅದು. ಸರ್ ಮಾತು ತಾಗಿತು.

ಇಬ್ಬರ ಹೆಸರನ್ನೂ ಇಲ್ಲಿ ಬರೆಯುವುದಿಲ್ಲ. ಓದಿದರೆ ಅವರಿಗೆ ತಿಳಿಯುತ್ತದೆ, ಅಷ್ಟು ಸಾಕು.

ನಾನು ಭಾತಂಬ್ರಾದವಳು. ನಮ್ಮ ಮನೆಯಲ್ಲಿ ಡಿಗ್ರಿ ಮುಗಿಸಿದ ಮೊದಲ ತಲೆ ನನ್ನದು. ಇದನ್ನು ವಿನಯದಿಂದ ಹೇಳಲು ನನಗೆ ಬರುವುದಿಲ್ಲ. ಬೆಳಿಗ್ಗೆ ಹೊಲದಲ್ಲಿ ಕಳೆ ಕಿತ್ತು, ಉಗುರಿನ ಮಣ್ಣು ತೆಗೆಯಲೂ ಪುರುಸೊತ್ತಿಲ್ಲದೆ ಭಾಲ್ಕಿಯ ಬಸ್ಸು ಹಿಡಿದು, ಪರೀಕ್ಷೆಯ ಹಾಳೆಗೆ ಹಸಿರು ಬೆರಳಿನ ಗುರುತು ಹತ್ತಿಸಿ ಪಾಸಾದವಳು ನಾನು. ಪದವಿ ಪ್ರಮಾಣಪತ್ರ ಬಂದ ವಾರ ಅಪ್ಪ ಅದನ್ನು ನನಗೆ ಹೇಳದೆ ಪೇಟೆಗೆ ಒಯ್ದು, ದಪ್ಪ ಪ್ಲಾಸ್ಟಿಕ್ಕಿನಲ್ಲಿ ಲ್ಯಾಮಿನೇಷನ್ ಮಾಡಿಸಿಕೊಂಡು ಬಂದ. ಅಸಲು ಪ್ರತಿಗೆ ಹಾಗೆ ಮಾಡಬಾರದೆಂದು ಅವನಿಗೆ ಹೇಳುವವರು ನಮ್ಮ ಓಣಿಯಲ್ಲಿ ಯಾರಿದ್ದರು? ಮಳೆ ತಾಗಬಾರದು, ಇಲಿ ಕಡಿಯಬಾರದು, ಯಾರ ಬೆವರಿನ ಕೈಯೂ ಹತ್ತಬಾರದು. ಅವನ ಲೆಕ್ಕ ಅಷ್ಟೇ. ಮುಂದೆ ಒಂದು ಕಡೆ ಕೆಲಸ ಕೇಳಲು ಹೋದಾಗ ಅಲ್ಲಿನ ಗುಮಾಸ್ತ ಅದನ್ನು ಬೆಳಕಿಗೆ ಹಿಡಿದು, "ಏನ್ರೀ ಇದು, ಉಪ್ಪಿನಕಾಯಿ ಹಾಕಿದಂಗ ಹಾಕೀರಿ" ಅಂದಿದ್ದ. ಈಗ ಅದು ಭಾತಂಬ್ರಾದ ಮನೆಯಲ್ಲಿ ಮೊಳೆಗೆ ನೇತಾಡುತ್ತಿದೆ. ಬಂದವರು ನೋಡುತ್ತಾರೆ, ಯಾರೂ ಮುಟ್ಟುವುದಿಲ್ಲ.

ಕೆಲಸ ಸಿಕ್ಕಿದ್ದು ಕೊಳಾರದಲ್ಲಿ, ಔಷಧದ ಡಬ್ಬಿಗಳಿಗೆ ಚೀಟಿ ಹಚ್ಚಿ ಪೆಟ್ಟಿಗೆ ತುಂಬುವ ಲೈನಿನಲ್ಲಿ. ಇಂಗ್ಲಿಷ್ ಓದಲು ಬರುತ್ತದೆಂದು ನನ್ನನ್ನು ಚೀಟಿ ಪರೀಕ್ಷಿಸುವ ಮೇಜಿಗೆ ಹಾಕಿದರು. ನೌಬಾದದಲ್ಲಿ ಬಾಡಿಗೆ ಕೋಣೆ ಮಾಡಿಕೊಂಡಿದ್ದ ನಮ್ಮ ಅತ್ತೆ, ಅಂದರೆ ಅಪ್ಪನ ಅಕ್ಕ, ಅದೇ ಲೈನಿನಲ್ಲಿ ಪೆಟ್ಟಿಗೆ ಕಟ್ಟುತ್ತಿದ್ದಳು. ಔರಾದ ಕಡೆ ಕೊಟ್ಟ ಹೆಣ್ಣು, ಗಂಡ ತೀರಿಕೊಂಡ ಮೇಲೆ ಬೀದರಕ್ಕೆ ಬಂದವಳು. ನಾನು ಅವಳ ಜೊತೆ ಇದ್ದೆ.

ಅತ್ತೆ ಒಂದು ದಿನ ಗುತ್ತೇದಾರನಿಗೆ ಕೂಡಲು ಸ್ಟೂಲ್ ಕೇಳಿದಳು. ಇಡೀ ಪಾಳಿ ನಿಂತೇ ಕೆಲಸ, ಮೊಣಕಾಲು ಬಾವು ಬರುತ್ತಿತ್ತು. ಅವನು ಆಗ ಏನೂ ಅನ್ನಲಿಲ್ಲ. ಆದರೆ ವರ್ಷಕ್ಕೊಮ್ಮೆ ಗುತ್ತಿಗೆ ಹೊಸದಾಗುವಾಗ ಎಲ್ಲರ ಗೇಟ್ ಕಾರ್ಡು ಇಸಿದುಕೊಂಡು, ನಾಲ್ಕು ದಿನ ಬಿಟ್ಟು ತಿರುಗಿ ಕೊಡುವುದು ಅಲ್ಲಿನ ರೂಢಿ. ಆ ಸಲ ಎಲ್ಲರ ಕಾರ್ಡು ಬಂತು, ಅತ್ತೆಯದು ಬರಲಿಲ್ಲ. ಮೂರು ವಾರ ಅವಳು ದಿನಾ ಬುತ್ತಿ ಕಟ್ಟಿಕೊಂಡು ಬಂದು ಗೇಟಿನ ಹೊರಗೆ ಬೇವಿನ ಗಿಡದ ಕೆಳಗೆ ಕೂತಳು. ಒಳಗೆ ಪೆಟ್ಟಿಗೆ ಕಟ್ಟುವವರು ಸಾಲದೆ ಬಂದಾಗ ಕರೆದುಕೊಂಡರು. ಸ್ಟೂಲ್ ಮಾತ್ರ ಬರಲಿಲ್ಲ. ಮುಂದಿನ ಗುತ್ತಿಗೆಯ ಹೊತ್ತಿಗೆ ನಮ್ಮದೊಂದು ನೋಂದಾಯಿತ ಸಂಘ ಇರಬೇಕು, ಇಲ್ಲದಿದ್ದರೆ ಬಾಯಿ ತೆಗೆದವರ ಕಾರ್ಡು ಹೋಯಿತೆಂದೇ ಲೆಕ್ಕ. ಇದು ನನ್ನ ತಲೆಯಲ್ಲಿ ಕೂತುಬಿಟ್ಟಿತು.

ನಾವೇ ಬರಿಗೈಲಿ ಮಾಡುವ ಕೆಲಸ ಇದಲ್ಲ, ಬೆನ್ನಿಗೆ ಒಂದು ಸಂಘಟನೆ ಬೇಕು. ಜಿಲ್ಲೆಯಲ್ಲಿ ನನಗೆ ಗೊತ್ತಿದ್ದವು ಮೂರು. ಬೀದರ ಪೇಟೆಯೊಳಗೆ ಒಂದು, ಹಳೆಯದು, ದೊಡ್ಡದು. ಭಾಲ್ಕಿಯಲ್ಲಿ ನಮ್ಮ ಸರ್ ನಡೆಸುವ ಬಳಗ. ಔರಾದದಲ್ಲಿ ಕೂಲಿ ಹೆಣ್ಣುಮಕ್ಕಳೇ ಕಟ್ಟಿದ್ದೊಂದು ಚಿಕ್ಕ ಸಂಘ. ಮೂವರದೂ ಕೆಂಪು ಬಾವುಟ, ಮೂವರದೂ ಸಮಾಜವಾದ, ಒಬ್ಬರ ಮುಖ ಕಂಡರೆ ಒಬ್ಬರಿಗೆ ಆಗುವುದಿಲ್ಲ.

ನಾನು ಓದಿದವಳ ಹಾಗೆ ಕೆಲಸ ಮಾಡಿದೆ. ಮೂವರ ಕರಪತ್ರ ತಂದು, ನೋಟುಬುಕ್ಕಿನಲ್ಲಿ ಗೆರೆ ಎಳೆದು, ಭೂಮಿಯ ಬಗ್ಗೆ ಯಾರು ಏನಂತಾರೆ, ಜಾತಿಯ ಬಗ್ಗೆ ಏನಂತಾರೆ, ಚುನಾವಣೆಯ ಬಗ್ಗೆ ಏನಂತಾರೆ ಎಂದು ಬರೆದುಕೊಂಡೆ. ಆಮೇಲೆ ಒಬ್ಬಳೇ ಬೀದರದ ಕಚೇರಿಗೆ ಹೋದೆ. ಅಲ್ಲಿನ ಮುಖಂಡರು ಎದ್ದು ನಿಂತು ಕುರ್ಚಿ ಕೊಟ್ಟರು. "ನಿಮ್ಮಂಥ ವಿದ್ಯಾವಂತ ಹೆಣ್ಣುಮಗಳು ಬಂದಿದ್ದು ನಮಗ ಬಲ ಬಂದಂಗಾಯ್ತು" ಎಂದರು. ಮಹಿಳಾ ವಿಭಾಗದ ಸಹಕಾರ್ಯದರ್ಶಿ ಮಾಡುತ್ತೇವೆ ಎಂದರು. ವಕೀಲರಿದ್ದಾರೆ, ಕಚೇರಿಗಳಲ್ಲಿ ಪರಿಚಯ ಇದೆ ಎಂದರು. ಪೇಡೆ ಕೊಟ್ಟರು. ತಿಂದೆ. ನಮ್ಮ ಲೈನಿನವರೆಲ್ಲ ಸೇರುತ್ತೇವೆಂದು ಮಾತು ಕೊಟ್ಟು, ಒಂದು ಕಟ್ಟು ಅರ್ಜಿ ತೆಗೆದುಕೊಂಡು, ಕಾಲು ನೆಲಕ್ಕೆ ತಾಗದ ಹಾಗೆ ಮನೆಗೆ ಬಂದೆ.

ಮರುದಿನ ಊಟದ ಬಿಡುವಿನಲ್ಲಿ ಅರ್ಜಿಗಳನ್ನು ಹರಡಿ, "ಇಲ್ಲಿ ಇಲ್ಲಿ ಸಹಿ ಮಾಡ್ರಿ" ಅಂದೆ. ಯಾರೂ ಪೆನ್ನು ಮುಟ್ಟಲಿಲ್ಲ. ಎಲ್ಲರೂ ಅತ್ತೆಯ ಮುಖ ನೋಡಿದರು. ಅತ್ತೆ ರೊಟ್ಟಿ ಮುರಿಯುತ್ತ ಕೇಳಿದಳು, "ಯಾರ್ಯಾರು ಹೋಗಿದ್ರಿ?"

"ನಾ ಒಬ್ಬಾಕಿನೇ."

"ಹಿತ್ತಲಾ ನೋಡಿದಿ?"

"ಅದು ಆಫೀಸ್ ಅತ್ತಿ, ಮನಿ ಅಲ್ಲ."

"ಸಿಹಿ ತಿಂದಿ?"

"ಒಂದೇ ಪೇಡೆ" ಅಂದೆ. ಹಳೇ ಬೀದರದಿಂದ ಬರುತ್ತಿದ್ದ, ನಾವೆಲ್ಲ ಆಪಾ ಎಂದು ಕರೆಯುತ್ತಿದ್ದ ಗೆಳತಿ ಹಣೆ ಬಡಿದುಕೊಂಡಳು. "ಅಯ್ಯೋ ಅಲ್ಲಾ, ಲಡ್ಕಿ ತಾನೇ ಹೋಗಿ ವರ ನೋಡಿ, ಪೇಡಾ ತಿಂದು, ತಾರೀಖ್ ಫಿಕ್ಸ್ ಮಾಡ್ಕೊಂಡು ಬಂದಾಳ! ಈಗ ನಮಗ ಬರೇ ಅಕ್ಕಿಕಾಳು ಹಾಕ್ಲಿಕ್ಕ ಕರೀತಾಳ." ಎಲ್ಲರೂ ನಕ್ಕರು.

ನಮ್ಮ ನೆಂಟರಲ್ಲಿ ಹೆಣ್ಣು ಕೊಡುವ ಮುಂಚೆ ಗಂಡಿನ ಮನೆ ನೋಡಿ ಬರುವುದುಂಟು. ಅತ್ತೆಯನ್ನು ಕರೆಯದೆ ಯಾರೂ ಹೋಗುವುದಿಲ್ಲ. ಅವಳಿಗೆ ಅದರದೇ ಶಾಸ್ತ್ರ. ಹೇಳದೆ ಹೋಗಬೇಕು. ಪಡಸಾಲೆ ನೋಡಬಾರದು, ಭಾಂಡೆ ತೊಳೆಯುವ ಜಾಗ ನೋಡಬೇಕು. ಎದುರಿನ ಅಂಗಡಿಯವನನ್ನು ಕೇಳಬೇಕು. ಆ ಮನೆಯ ಹಿರಿಯಳು ಕೂತಿರುವಾಗ ಅವಳ ಸೊಸೆ ಬಾಯಿ ಬಿಡುತ್ತಾಳೋ ಇಲ್ಲವೋ ಗಮನಿಸಬೇಕು. ಮಾತು ಗಟ್ಟಿಯಾಗುವ ತನಕ ಚಹಾ ಕುಡಿಯಬಹುದು, ಸಿಹಿ ಮುಟ್ಟಬಾರದು.

ಆ ನಗೆ ನನಗೆ ಸಹಿಸಲಾಗಲಿಲ್ಲ. ಇಂದಿಗೂ ನೆನೆಸಿಕೊಂಡರೆ ಕಿವಿ ಬಿಸಿಯಾಗುವ ಮಾತೊಂದನ್ನು ಅಂದೆ: "ಇದು ಲಗ್ನ ಅಲ್ಲ, ಸಿದ್ಧಾಂತ. ಓದಲಿಕ್ಕ ಬರದವರಿಗೆ ಏನ್ ತಿಳೀತದ ಇದು?"

ಅತ್ತೆ ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ಬುತ್ತಿ ಕಟ್ಟಿದಳು, ನೀರು ಕಾಯಿಸಿಟ್ಟಳು, ಮಾತಿಲ್ಲ. ಮೂರನೆಯ ದಿನ ನಾನೇ ಸೋತು, "ಭಾನುವಾರ ಎಲ್ಲಾರೂ ಹೋಗಮ್" ಅಂದೆ. "ನನಗ ಗೊತ್ತಿತ್ತು" ಅಂದಳು.

ಬೀದರದ ಕಚೇರಿಗೆ ನಾವು ನಾಲ್ವರು ಹೋದೆವು. ಅತ್ತೆ ಮೊದಲು ಎದುರಿನ ಚಹಾದಂಗಡಿಗೆ ನಡೆದಳು. "ಭಾಳ ಹೋರಾಟ ಮಾಡಿದ ಮನಷಾ ಅವ್ರು, ಜೈಲಿಗೂ ಹೋಗಿ ಬಂದಾರ" ಎಂದ ಅಂಗಡಿಯವ. ಸುಳ್ಳಲ್ಲ. ಅವರ ಮೊಣಕೈ ನೆಟ್ಟಗಾಗುವುದಿಲ್ಲ, ಲಾಠಿ ಏಟು. ಒಳಗೆ ಸಭೆ ನಡೆದಿತ್ತು. ಮುಖಂಡರು ಮಾತಾಡುತ್ತಿದ್ದರು. ಬಾಗಿಲ ಹತ್ತಿರ ಚಾಪೆಯ ಮೇಲೆ ಐದಾರು ಹೆಣ್ಣುಮಕ್ಕಳು ಕೂತಿದ್ದರು. ಸಭೆ ಮುಗಿದ ಮೇಲೆ ಅತ್ತೆ ಅವರಲ್ಲಿ ಒಬ್ಬಳನ್ನು ಕೇಳಿದಳು, "ಈ ಬಾಗಿಲಾ ಚಾವಿ ಯಾರ ಬಲ್ಲಿ ಇರ್ತದವ್ವಾ?"

ಅವಳು ಮುಖಂಡರ ಕಡೆ ನೋಡಿದಳು. "ಸಾಹೇಬ್ರ ಬಲ್ಲಿ."

"ಅವರು ಊರಾಗ ಇಲ್ಲಂದ್ರ?"

"ಅವರು ಬರೂತನಕ ಕೂಡ್ತೇವಿ."

ಮುಖಂಡರು ನಕ್ಕು, ಪ್ರಾಮಾಣಿಕವಾಗಿಯೇ ಹೇಳಿದರು: "ನಿಮ್ಮ ಸಂಘಕ್ಕ ಮೊದಲೆರಡು ವರ್ಷ ಅಧ್ಯಕ್ಷ ನಾ ಇರ್ತೇನ್ರಿ. ನೀವು ಕಲಿಯೂತನಕ. ಆಮೇಲೆ ನಿಮ್ಮದೇ."

"ಮತ್ತ ಇವರು ಎಷ್ಟ ವರ್ಷದಿಂದ ಕಲ್ಯಾಕತ್ಯಾರ?" ಎಂದು ಅತ್ತೆ ಚಾಪೆಯ ಕಡೆ ಗದ್ದದಿಂದ ತೋರಿಸಿದಳು. ಪೇಡೆಯ ತಟ್ಟೆ ಬಂತು. ನನ್ನದು ಬಿಟ್ಟು ಯಾರ ಕಣ್ಣೂ ಅದರ ಮೇಲೆ ಹೋಗಲಿಲ್ಲ.

ಮುಂದಿನ ವಾರ ಭಾಲ್ಕಿ. ಸರ್ ಮನೆ. ಗೋಡೆ ತುಂಬ ಪುಸ್ತಕ. ಚಹಾ ಅವರೇ ಮಾಡಿದರು, ಕಪ್ಪು ಅವರೇ ತೊಳೆದರು. ಅತ್ತೆ ಬಚ್ಚಲಿಗೆ ಇಣುಕಿ ನೋಡಿ ಬಂದು, "ಈ ಮನ್ಯಾಗ ಕೊಡಬಹುದು" ಎಂದು ನನ್ನ ಕಿವಿಯಲ್ಲಿ ಅಂದಳು. ಆದರೆ ಬಳಗದ ಇಬ್ಬರು ಹಿರಿಯರು, ನಾನು ಹುಟ್ಟುವ ಮುಂಚೆ ತಮ್ಮ ಪಕ್ಷ ಒಡೆದದ್ದು ಯಾರ ತಪ್ಪಿನಿಂದ ಎಂದು ಶುರು ಮಾಡಿದವರು ಚಹಾ ಆರಿದರೂ ಮುಗಿಸಲಿಲ್ಲ. ಕೊನೆಗೆ ನಾನು ಗೇಟಿನ ವಿಷಯ ತೆಗೆದೆ. ಆಗಲೇ ಸರ್ ಆ ಮಾತು ಹೇಳಿದ್ದು, ಪ್ರಜ್ಞೆ ಇನ್ನೂ ಮಾಗಿಲ್ಲ ಎಂದು. ಒಂದು ವರ್ಷ ಅಧ್ಯಯನ ಶಿಬಿರ ಮಾಡೋಣ, ಆಮೇಲೆ ಸಂಘದ ಮಾತು, ಈಗ ಹೋದರೆ ಮುರಿದುಬೀಳುತ್ತೀರಿ ಎಂದರು.

"ಮಾಗಲಿಕ್ಕ ಇದೇನು ಸೀತಾಫಲ ಏನ್ರಿ ಸರ್ರ?" ಎಂದಳು ಅತ್ತೆ. "ಬುಟ್ಟ್ಯಾಗ ಹುಲ್ಲ ಹಾಕಿ ಇಡ್ಲಿಕ್ಕ? ಕಾರ್ಡ್ ಇಸಗೊಳ್ಳೋ ದಿನ ಅವ ನಮ್ಮನ್ನ ಒತ್ತಿ ನೋಡಂಗಿಲ್ಲ, ಹಣ್ಣೋ ಕಾಯೋ ಅಂತ."

ಸರ್ ಬೇಸರ ಮಾಡಿಕೊಳ್ಳಲಿಲ್ಲ. ಒಳ್ಳೆಯ ಉದಾಹರಣೆ ಸಿಕ್ಕ ಹಾಗೆ ಅವಳ ಮಾತನ್ನು ಬರೆದುಕೊಂಡರು. ಅದನ್ನು ಕಂಡು ನನಗೆ ಇನ್ನೂ ಸಿಟ್ಟು ಬಂತು.

ಔರಾದಕ್ಕೆ ಹೋಗುವ ಮನಸ್ಸು ನನಗಿರಲಿಲ್ಲ. ಅವರ ಕರಪತ್ರ ಒಂದೇ ಹಾಳೆ, ಅದರಲ್ಲೂ ಅರ್ಧ ಮರಾಠಿ. ನೋಟುಬುಕ್ಕಿನಲ್ಲಿ ಅವರ ಸಾಲಿನ ಚೌಕಗಳು ಹೆಚ್ಚಿನವು ಖಾಲಿ ಉಳಿದಿದ್ದವು. ಆದರೂ ಬಸ್ಸು ಹತ್ತಿದೆವು. ಹಿಟ್ಟಿನ ಗಿರಣಿಯ ಹಿಂದೆ ತಗಡಿನ ಕೋಣೆ, ಬೀಗ ಹಾಕಿತ್ತು. ನಾನು "ನೋಡ್ರಿ, ಯಾರೂ ಇಲ್ಲ, ಹೋಗಮ್" ಅಂದೆ. ಗಿರಣಿಯವನು ಹಿಟ್ಟಿನ ಕೈಯಲ್ಲೇ ಮೊಳೆಯ ಕಡೆ ತೋರಿಸಿದ. "ಚಾವಿ ಅಲ್ಲೇ ಅದ, ತಕ್ಕೊರಿ."

"ನಾವು ಯಾರಂತ ನಿಮಗ ಗೊತ್ತೇ ಇಲ್ಲಲ್ರಿ" ಅಂದಳು ಆಪಾ.

"ಹೆಣ್ಮಕ್ಕಳು ಬಂದು ಕೇಳಿದ್ರ ಕೊಡು ಅಂದಾರ್ರಿ. ಅಷ್ಟೇ ಗೊತ್ತು."

ಬಾಗಿಲು ನಾವೇ ತೆಗೆದೆವು. ಒಳಗೆ ಎರಡು ಚಾಪೆ, ಒಂದು ಕೊಡ ನೀರು, ಮೇಜಿನ ಮೇಲೆ ಸಭೆಯ ನಡಾವಳಿ ಪುಸ್ತಕ. ತೆರೆದೆ. ಒಂದೊಂದು ಪುಟ ಒಂದೊಂದು ಕೈಬರಹ. ಸೊಟ್ಟ ಅಕ್ಷರ, ಮರಾಠಿ ಅಕ್ಷರ, ಶಾಲೆ ಹುಡುಗಿಯರ ಗುಂಡಗಿನ ಅಕ್ಷರ. ಕೆಲವು ಪುಟಗಳಲ್ಲಿ ಒಬ್ಬರ ಬರಹದ ಕೆಳಗೆ ಇನ್ನೊಬ್ಬರ ಹೆಬ್ಬೆಟ್ಟು. ಒಂದು ಪುಟ ಹೀಗೆ ಶುರುವಾಗಿತ್ತು: "ಇವತ್ತು ನಾವು ಸೋತಿವಿ." ಅದನ್ನು ಯಾರೂ ಹೊಡೆದು ಹಾಕಿರಲಿಲ್ಲ.

ಅರ್ಧ ತಾಸಿನಲ್ಲಿ ಅವರ ಕಾರ್ಯದರ್ಶಿ ಬಂದಳು, ಸೆರಗಿಗೆ ಉದ್ದಿನ ಹೊಟ್ಟು ಹತ್ತಿಸಿಕೊಂಡು. ಕಣದಲ್ಲಿ ಕಾಳು ಬಡಿಯುವ ರಾಶಿಯ ಕೆಲಸದಿಂದ ನೇರವಾಗಿ ಬಂದಿದ್ದಳು. ನಾನು ಪುಸ್ತಕ ಮುಚ್ಚಲು ಹೋದೆ. "ಓದವ್ವಾ ಓದು, ಓದಲಿ ಅಂತೇ ಬರೆದದ್ದು" ಅಂದಳು. ಅವರಲ್ಲಿ ನಡಾವಳಿಯನ್ನು ಎಲ್ಲರೂ ಸರದಿಯ ಮೇಲೆ ಬರೆಯಬೇಕು, ಬರೆಯಲು ಬಾರದವಳು ಹೇಳಬೇಕು, ಇನ್ನೊಬ್ಬಳು ಬರೆದು ಓದಿ ಹೇಳಬೇಕು, ಸರಿ ಅನ್ನಿಸಿದರೆ ಹೇಳಿದವಳು ಹೆಬ್ಬೆಟ್ಟು ಒತ್ತಬೇಕು. ಯಾರೂ ತಪ್ಪಿಸಿಕೊಳ್ಳುವಂತಿಲ್ಲ. ಹೆಬ್ಬೆಟ್ಟು ಒತ್ತುವವಳದ್ದೂ ಸಭೆಯ ಮಾತೇ ಎಂದು ಅವರಿಗೆ ಯಾವ ಕರಪತ್ರವೂ ಹೇಳಿಕೊಟ್ಟಿರಲಿಲ್ಲ.

"ನಿಮ್ಮಲ್ಲಿ ವಕೀಲರಿದ್ದಾರಾ?" ಎಂದು ಕೇಳಿದೆ.

"ಇಲ್ಲ."

"ಬೀದರದಾಗ ಪರಿಚಯ?"

"ಇಲ್ಲವ್ವಾ. ಎರಡು ಹೋರಾಟ ಸೋತೇವಿ, ಒಂದು ಗೆದ್ದೇವಿ. ಸೋತವರು ಯಾರೂ ಬಿಟ್ಟು ಹೋಗಿಲ್ಲ. ಅಷ್ಟೇ ನಮ್ಮ ಬಲ್ಲಿ ಇರೂದು." ಆಮೇಲೆ ಅತ್ತೆಯ ಕಡೆ ತಿರುಗಿ, "ನೀವು ನಮ್ಮ ಮನಿ ನೋಡಿದ್ರಿ. ನಿಮ್ಮ ಮನಿ ನಾವು ನೋಡಬ್ಯಾಡೇನ್ರಿ?" ಎಂದಳು.

ಅತ್ತೆಯ ಮುಖ ಅರಳಿದ್ದನ್ನು ನಾನು ಅವತ್ತೇ ಕಂಡದ್ದು.

ಔರಾದದಿಂದ ಮೂವರು ಮುಂದಿನ ಭಾನುವಾರ ನೌಬಾದದ ನಮ್ಮ ಕೋಣೆಗೆ ಬಂದರು. ಲೈನಿನಲ್ಲಿ ಸಂಘಕ್ಕೆ ಮುಂದೆ ಬಂದಿದ್ದ ಏಳೂ ಮಂದಿ ಕೂತಿದ್ದೆವು. ಕಾರ್ಯದರ್ಶಿ ಎಲ್ಲ ಬಿಟ್ಟು ಒಂದೇ ಪ್ರಶ್ನೆ ಕೇಳಿದಳು: "ನಿಮ್ಮೊಳಗ ಜಗಳಾದ್ರ ಏನ್ ಮಾಡ್ತೀರಿ?" ಅತ್ತೆ ನಿಧಾನವಾಗಿ, ನನ್ನ ಮುಖ ನೋಡದೆ, ನಾನು ಅಂದ ಮಾತನ್ನು ಅಂದಹಾಗೆಯೇ ಹೇಳಿದಳು. ಓದಲಿಕ್ಕ ಬರದವರಿಗೆ ಏನ್ ತಿಳೀತದ. ಹೊರಗಿನವರ ಮುಂದೆ. ನನಗೆ ಎದ್ದು ಹೋಗಬೇಕೆನ್ನಿಸಿತು. ಬಾಗಿಲಲ್ಲಿ ಆಪಾ ಕೂತಿದ್ದಳು, ದಾಟುವ ಹಾಗಿರಲಿಲ್ಲ.

"ಹೌದು, ಅಂದೇನಿ" ಎಂದೆ. "ತಪ್ಪು ಅಂದೇನಿ."

"ಬರಕೋರಿ" ಎಂದಳು ಕಾರ್ಯದರ್ಶಿ. "ಮೊದಲ ಪುಟ."

ನಮ್ಮ ಸಂಘದ ನಡಾವಳಿ ಶುರುವಾದದ್ದು ಹಾಗೆ. ಬರೆದವಳು ನಾನು, ಹೇಳಿದವಳು ಅತ್ತೆ, ಹೆಬ್ಬೆಟ್ಟು ಅವಳದು.

ಯಾರ ಜೊತೆ ಸೇರಬೇಕೆಂಬ ತೀರ್ಮಾನದ ದಿನ ನಾನು ಬೀದರದವರ ಪರವಾಗಿಯೇ ಕೈ ಎತ್ತಿದೆ. ಸುಳ್ಳು ಹೇಳುವುದಿಲ್ಲ. ವಕೀಲರು ಬೇಕು, ಹತ್ತಿರ ಬೇಕು ಎಂದು ವಾದಿಸಿದೆ. ನನ್ನ ಜೊತೆ ಇನ್ನೊಬ್ಬಳು. ಉಳಿದ ಐವರು ಔರಾದ ಕಡೆ. ಸೋತೆ. ಸೋತ ಮೇಲೆ, ನನ್ನ ಹೆಸರು ನಮ್ಮ ಸಂಘದ ಕಾರ್ಯದರ್ಶಿ ಸ್ಥಾನಕ್ಕೆ ಬಂತು, ಅತ್ತೆಯದು ಅಧ್ಯಕ್ಷತೆಗೆ. ಬೀದರದ ಮುಖಂಡರಿಗೆ ನಾನೇ ಹೋಗಿ ಹೇಳಿದೆ, ಕೊಟ್ಟ ಮಾತು ತಿರುಗಿ ತೆಗೆದುಕೊಳ್ಳಬೇಕಿತ್ತಲ್ಲ. ಸಿಟ್ಟಾದರು. "ಬುಟ್ಟಿ ಹೊರೋರ ಸಂಘ ಅದು, ನಾಳೆ ಇರಂಗಿಲ್ಲ" ಎಂದರು. "ನಾವೂ ಪೆಟ್ಟಿಗಿ ಹೊರೋರೇ ಅಲ್ರೀ" ಎಂದು ಬಂದೆ. ಆದರೆ ನಾಲ್ಕು ದಿನದ ಮೇಲೆ, ನೋಂದಣಿಗೆ ಬೇಕಾದ ನಿಯಮಾವಳಿಯ ಮಾದರಿಯೊಂದನ್ನು ಅವರೇ ಕಳಿಸಿಕೊಟ್ಟರು. ಅದರ ಮೇಲೆ ಪೆನ್ಸಿಲ್ಲಿನಲ್ಲಿ, ಎಲ್ಲಿ ತಪ್ಪಾಗಬಹುದೆಂದು ಗುರುತು ಹಾಕಿದ್ದರು.

ಅರ್ಜಿಗೆ ಕಾನೂನು ಕೇಳುವ ಏಳು ಸಹಿ ಬಿದ್ದವು. ಒಂದು ನಳದ ಮುಂದೆ ನಿಲ್ಲಲಾರದವೆಂದು ಗುತ್ತೇದಾರ ಎಣಿಸಿದ್ದ ಅದೇ ಏಳು. ಉಳಿದ ಸದಸ್ಯರು ಆಮೇಲೆ ಒಬ್ಬೊಬ್ಬರಾಗಿ ಬಂದರು, ಕೆಲವರು ಹೆದರಿಕೊಂಡೇ.

ನೋಂದಣಿ ಇನ್ನೂ ಆಗಿರಲಿಲ್ಲ, ಗುತ್ತಿಗೆ ಹೊಸದಾಗುವ ದಿನ ಬಂದೇಬಿಟ್ಟಿತು. ಗುತ್ತೇದಾರ ಗೇಟಿನಲ್ಲಿ ರಟ್ಟಿನ ಪೆಟ್ಟಿಗೆ ಇಟ್ಟುಕೊಂಡು ನಿಂತಿದ್ದ. "ಕಾರ್ಡ್ ಹಾಕ್ರಿ." ಅತ್ತೆ ತನ್ನ ಕಾರ್ಡನ್ನು ಅವನ ಮುಖಕ್ಕೆ ಹಿಡಿದಳು. "ಓದು. ಇದರ ಮ್ಯಾಲ ಯಾರ ಹೆಸರದ? ನಿಂದಿದ್ರ ತಗೋ."

"ಒಳಗ ಬಿಡಂಗಿಲ್ಲ ನೋಡು."

"ಬಿಡಬ್ಯಾಡ. ಈ ಗಿಡದ ನೆಳ್ಳು ನನಗ ಪರಿಚಯದ್ದೇ ಅದ."

ಅವನು ನನ್ನ ಕಡೆ ತಿರುಗಿದ. "ಡಿಗ್ರಿ ಮಾಡ್ಕೊಂಡು ಚೀಟಿ ನೋಡ್ಲಿಕ್ಕ ಬಂದಾಕಿ, ನೀನೇ ಇವರ ತಲಿ ಕೆಡಿಸಿದ್ದು."

"ಇಲ್ರಿ" ಎಂದೆ. "ನಾ ಬ್ಯಾರೆ ಕಡೆ ಕೈ ಎತ್ತಿದ್ದೆ. ಇವರು ನನ್ನ ತಲಿ ಸರಿ ಮಾಡ್ಯಾರ."

ಬೇವಿನ ಗಿಡದ ಕೆಳಗೆ ಕೂತೆವು. ಮೊದಲು ಏಳು, ಆಮೇಲೆ ಇಡೀ ಲೈನು. ಔರಾದವರು ಮೊದಲ ಬಸ್ಸಿಗೇ ಬುತ್ತಿಯ ಗಂಟು ಕಟ್ಟಿಕೊಂಡು ಬಂದಿದ್ದರು. ಹತ್ತು ಗಂಟೆಗೆ ಬೀದರದ ಮುಖಂಡರೂ ಬಂದರು. ಮೈಕು ಕೇಳಲಿಲ್ಲ, ನೆಟ್ಟಗಾಗದ ಕೈಯಲ್ಲಿ ಬಾವುಟ ಹಿಡಿದು ಹಿಂದಿನ ಸಾಲಿನಲ್ಲಿ ಕೂತರು. ಸರ್ ಬರಲಿಲ್ಲ. ಬಂದಿದ್ದರೆ ನನಗೆ ಖುಷಿಯಾಗುತ್ತಿತ್ತು. ಮಧ್ಯಾಹ್ನದ ತನಕ ಒಂದು ಪೆಟ್ಟಿಗೆಯೂ ಹೊರಬೀಳಲಿಲ್ಲ. ಆಮೇಲೆ ಕಾರ್ಖಾನೆಯ ಕಡೆಯವರೇ ಬಂದು ಗೇಟು ತೆಗೆಸಿದರು. ಗುತ್ತೇದಾರನ ಪೆಟ್ಟಿಗೆ ಖಾಲಿಯೇ ಇತ್ತು. ಎಲ್ಲರ ಕಾರ್ಡು ಎಲ್ಲರ ಕೊರಳಲ್ಲಿ. ಸ್ಟೂಲ್ ಇನ್ನೂ ಬಂದಿಲ್ಲ, ಬರುತ್ತದೆ. ಬರದಿದ್ದರೆ ಗಿಡ ಅಲ್ಲೇ ಇದೆ.

ನೋಂದಣಿ ಪ್ರಮಾಣಪತ್ರಕ್ಕೆ ಕರೆ ಬಂದಾಗ ಏಳೂ ಮಂದಿ ಬೀದರದ ಕಾರ್ಮಿಕ ಕಚೇರಿಗೆ ಹೋದೆವು. ಗುಮಾಸ್ತರು ಒಳ್ಳೆಯವರು. ನಮ್ಮಲ್ಲಿ ಕೈಯಲ್ಲಿ ಪೆನ್ನು ಇದ್ದವಳು ನಾನೊಬ್ಬಳೇ ಆದ್ದರಿಂದ ಹಾಳೆಯನ್ನು ನನ್ನ ಕಡೆ ಚಾಚಿದರು. ನಾನು ಕೈ ಹಿಂದೆ ತೆಗೆದುಕೊಂಡು ಅತ್ತೆಯನ್ನು ತೋರಿಸಿದೆ. "ಅಧ್ಯಕ್ಷರು ಅವರು." ಅತ್ತೆ ಎರಡೂ ಕೈಯನ್ನು ಸೀರೆಗೆ ಒರೆಸಿಕೊಂಡು ತೆಗೆದುಕೊಂಡಳು. ಹಿಂದೆ ಮುಂದೆ ತಿರುಗಿಸಿ ನೋಡಿದಳು. ಆಪಾಗೆ ಕೊಟ್ಟಳು. ಆಪಾ ಪಕ್ಕದವಳಿಗೆ.

"ಕೆಳಗ ಲ್ಯಾಮಿನೇಷನ್ ಅಂಗಡಿ ಅದ ನೋಡ್ರಿ" ಎಂದರು ಗುಮಾಸ್ತರು.

ಅತ್ತೆ ಭಾತಂಬ್ರಾದ ಮೊಳೆಗೆ ನೇತಾಡುವ ನನ್ನ ಹಾಳೆಯನ್ನು ನೆನೆಸಿಕೊಂಡಳೆಂದು ಕಾಣುತ್ತದೆ, ನನ್ನ ಕಡೆ ನೋಡಿದಳು.

"ಬ್ಯಾಡ್ರಿ ಸಾಹೇಬ್ರ" ಎಂದಳು. "ಪ್ಲಾಸ್ಟಿಕ್ ಹಾಕಬ್ಯಾಡ್ರಿ. ಇನ್ನಾ ಭಾಳ ಮಂದಿ ಇದನ್ನ ಮುಟ್ಟಿ ನೋಡೋರು ಅದಾರ."